ಜೀನ್ ಅದೇ, ಓದುವ ರೀತಿ ಬೇರೆ: ಅಲ್ಝೈಮರ್ಸ್ ಮೆದುಳಿನ ಎಪಿಜೆನೆಟಿಕ್ ಬದಲಾವಣೆಗಳು

ಇಬ್ಬರು ಅವಳಿ ಸಹೋದರರು. ಒಂದೇ ಭ್ರೂಣ ಎರಡಾಗಿ ಹುಟ್ಟಿದವರು, ಹಾಗಾಗಿ ಇಬ್ಬರ ಡಿಎನ್‌ಎ ಕೂಡ ಒಂದೇ. ಓದಿದ್ದೂ ಒಂದೇ, ಇಬ್ಬರೂ ಕೆಮಿಕಲ್ ಎಂಜಿನಿಯರ್‌ಗಳು. ಒಬ್ಬರಿಗೆ 60ನೇ ವಯಸ್ಸಿಗೆ ಮರೆವು ಶುರುವಾಯಿತು. 16 ವರ್ಷ ಅಲ್ಝೈಮರ್ಸ್ ಕಾಯಿಲೆಯಲ್ಲಿ ನರಳಿ 76ಕ್ಕೆ ತೀರಿಕೊಂಡರು. ಇನ್ನೊಬ್ಬರು 79ರವರೆಗೆ ಬದುಕಿದರು. ಅವರನ್ನು ಕರೆದೊಯ್ದದ್ದು ಬೇರೆ ಕಾಯಿಲೆ. ನೆನಪು, ಬುದ್ಧಿ ಎರಡೂ ಕೊನೆಯ ತನಕ ಸರಿಯಾಗೇ ಇದ್ದವು.

ಇಬ್ಬರ ಮೆದುಳನ್ನೂ ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ವರದಿ ಪ್ರಕಟಿಸಿದರು. ಕಾಯಿಲೆ ಬಂದವರ ನರಕೋಶಗಳಲ್ಲಿ, ಡಿಎನ್‌ಎ ಮೇಲೆ ಇರಬೇಕಾದ ಒಂದು ಬಗೆಯ ರಾಸಾಯನಿಕ ಗುರುತು ತುಂಬಾ ಕಡಿಮೆಯಾಗಿತ್ತು. ಇನ್ನೊಬ್ಬರಲ್ಲಿ ಅದು ಚೆನ್ನಾಗಿಯೇ ಉಳಿದಿತ್ತು. ಅಂದರೆ ಡಿಎನ್‌ಎಯ ಅಕ್ಷರಗಳು ಒಂದೇ ಆದರೂ ಅವುಗಳ ಮೇಲಿನ ಗುರುತುಗಳು ಬೇರೆಯಾಗಿದ್ದವು. ಕಾಯಿಲೆ ಬಂದವರು ಕೆಲಸದಲ್ಲಿ ಕೀಟನಾಶಕಗಳ ಜೊತೆ ಜಾಸ್ತಿ ಒಡನಾಡಿದ್ದರು ಎಂಬ ವಿವರವೂ ವರದಿಯಲ್ಲಿದೆ. ಒಂದೇ ಒಂದು ಜೋಡಿಯಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ, ನಿಜ. ಆದರೆ ಪ್ರಶ್ನೆಯನ್ನು ಇಷ್ಟು ನಿಚ್ಚಳವಾಗಿ ಮುಂದಿಡುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಈ ಗುರುತುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಈಗ ಈ ಮಾತು ಪ್ರಯೋಗಾಲಯದ ಗೋಡೆ ದಾಟಿ ಬಂದಿದೆ. "ನಿಮ್ಮ ದೇಹದ ನಿಜವಾದ ವಯಸ್ಸು ಹೇಳುತ್ತೇವೆ" ಎನ್ನುವ ಜಾಹೀರಾತುಗಳಲ್ಲಿದೆ, ಹೊಸ ಔಷಧಗಳ ಸುದ್ದಿಯಲ್ಲಿದೆ. ಮನೆಯಲ್ಲಿ ಒಬ್ಬರಿಗೆ ಅಲ್ಝೈಮರ್ಸ್ ಅಂತ ಗೊತ್ತಾದಾಗ "ನನಗೂ ಬರುತ್ತಾ?" ಎಂದು ಮಕ್ಕಳು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಸಿಗುವ ಉತ್ತರದಲ್ಲೂ ಇದೆ. ಹಾಗಾಗಿ ಬುಡದಿಂದಲೇ ಅರ್ಥ ಮಾಡಿಕೊಳ್ಳೋಣ.

ಮೊದಲು ಕಾಯಿಲೆ

ಜಗತ್ತಿನಲ್ಲಿ 2021ರಲ್ಲಿ ಸುಮಾರು 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಿಮೆನ್ಶಿಯಾ ಅಂದರೆ ದಿನದ ಬದುಕು ನಡೆಸಲಾಗದಷ್ಟು ನೆನಪು, ಯೋಚನೆ, ಮಾತು ಕುಂದುವ ಸ್ಥಿತಿ. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ದೊಡ್ಡದು ಅಲ್ಝೈಮರ್ಸ್, ನೂರರಲ್ಲಿ 60ರಿಂದ 70 ಪಾಲು ಅದರದ್ದೇ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ತೀರಿಕೊಂಡ ರೋಗಿಯೊಬ್ಬರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರು ಅಲ್ಲಿ ಕಂಡ ಎರಡು ಸಂಗತಿಗಳು ಇವತ್ತಿಗೂ ಈ ಕಾಯಿಲೆಯ ಗುರುತು. ಒಂದು, ನರಕೋಶಗಳ ಹೊರಗೆ ಗಟ್ಟಿಯಾಗಿ ಕೂತ ಕಲೆಗಳು. ಅವು ಅಮಿಲಾಯ್ಡ್ ಎಂಬ ಪ್ರೋಟೀನ್ ತುಣುಕಿನಿಂದ ಆದವು. ಇನ್ನೊಂದು, ನರಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಅವು ಟಾವ್ ಎಂಬ ಪ್ರೋಟೀನಿನವು. ಮರೆವು ಹೊರಗೆ ಕಾಣಿಸುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಇವು ಸೇರಿಕೊಳ್ಳಲು ಶುರುವಾಗುತ್ತವೆ.

ಜೀನ್ ಎಷ್ಟು ಹೇಳುತ್ತದೆ?

ಕೆಲವು ಕುಟುಂಬಗಳಲ್ಲಿ ಇದು ನೇರವಾಗಿ ಜೀನಿನಿಂದಲೇ ಬರುತ್ತದೆ. ಎಪಿಪಿ, ಪ್ರೆಸಿನಿಲಿನ್ 1, ಪ್ರೆಸಿನಿಲಿನ್ 2 ಎಂಬ ಮೂರು ಜೀನ್‌ಗಳಲ್ಲಿ ಒಂದರಲ್ಲಿ ದೋಷವಿದ್ದರೆ 65ಕ್ಕೆ ಮೊದಲೇ, ಎಷ್ಟೋ ಸಲ 40 ಅಥವಾ 50ರ ಆಸುಪಾಸಿನಲ್ಲೇ ಕಾಯಿಲೆ ಹಿಡಿಯುತ್ತದೆ. ಆದರೆ ಇಂಥವರು ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಉಳಿದವರಲ್ಲಿ ಜೀನ್ ಅಪಾಯವನ್ನು ಹೆಚ್ಚಿಸಬಹುದು, ತೀರ್ಪು ಕೊಡುವುದಿಲ್ಲ. ಎಲ್ಲಕ್ಕಿಂತ ಹೆಸರಾದದ್ದು ಎಪಿಒಇ ಜೀನ್. ಇದರ ಇ4 ಎಂಬ ರೂಪ ಅಲ್ಝೈಮರ್ಸ್ ಅಪಾಯವನ್ನು ಹೆಚ್ಚಿಸುತ್ತದೆ ಎಂದು 1993ರಲ್ಲಿ ಗೊತ್ತಾಯಿತು. ಆದರೂ ಇ4 ಇಟ್ಟುಕೊಂಡು 90 ದಾಟಿದವರಿದ್ದಾರೆ. ಇ4 ಇಲ್ಲದೆಯೇ ಕಾಯಿಲೆ ಬಂದವರೂ ಬೇಕಾದಷ್ಟಿದ್ದಾರೆ. ಅವಳಿಗಳ ದೊಡ್ಡ ಅಧ್ಯಯನಗಳು ಹೇಳುವಂತೆ ಕಾಯಿಲೆಯಲ್ಲಿ ವಂಶದ ಪಾಲು ದೊಡ್ಡದೇ. ಆದರೆ ಪೂರ್ತಿ ಅದೇ ಅಲ್ಲ. ಉಳಿದ ಪಾಲು ಎಲ್ಲಿಂದ ಬರುತ್ತದೆ? ಎಪಿಜೆನೆಟಿಕ್ಸ್ ಕಡೆಗೆ ಜನ ನೋಡಲು ಶುರು ಮಾಡಿದ್ದು ಈ ಪ್ರಶ್ನೆಯಿಂದ.

ಎಪಿಜೆನೆಟಿಕ್ಸ್ ಅಂದರೆ

ನಿಮ್ಮ ಚರ್ಮದ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. 300 ಕೋಟಿ ಅಕ್ಷರಗಳು, ಪ್ರೋಟೀನ್ ಮಾಡುವ ಸುಮಾರು 20 ಸಾವಿರ ಜೀನ್‌ಗಳು. ಹಾಗಿದ್ದರೆ ಒಂದು ಚರ್ಮವಾಗಿ, ಇನ್ನೊಂದು ನರಕೋಶವಾಗಿ ಇರುವುದು ಹೇಗೆ?

ಒಂದು ನಾಟಕದ ತಂಡವನ್ನು ನೆನೆಸಿಕೊಳ್ಳಿ. ಇಡೀ ನಾಟಕದ ಒಂದೊಂದು ಪ್ರತಿ ಎಲ್ಲ ನಟರ ಕೈಯಲ್ಲೂ ಇದೆ. ಪ್ರತಿಯೊಬ್ಬರೂ ತಮ್ಮ ಪಾತ್ರದ ಮಾತಿಗೆ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದುಕೊಂಡಿದ್ದಾರೆ. ತಮ್ಮದಲ್ಲದ ಮಾತಿನ ಮೇಲೆ ಅಡ್ಡಗೆರೆ ಹಾಕಿದ್ದಾರೆ. ಅಚ್ಚಾದ ಅಕ್ಷರ ಎಲ್ಲರ ಪ್ರತಿಯಲ್ಲೂ ಒಂದೇ. ಬೇರೆಯಾಗಿರುವುದು ಪೆನ್ಸಿಲಿನ ಗೆರೆಗಳು ಮಾತ್ರ. ಯಾರು ಯಾವ ಪಾತ್ರ ಎಂದು ತೀರ್ಮಾನಿಸುವುದೂ ಅವೇ.

ಡಿಎನ್‌ಎ ಆ ಅಚ್ಚಾದ ಅಕ್ಷರ. ಎಪಿಜೆನೆಟಿಕ್ ಗುರುತುಗಳು ಆ ಪೆನ್ಸಿಲ್ ಗೆರೆಗಳು. ಯಾವ ಜೀನನ್ನು ಓದಬೇಕು, ಯಾವುದನ್ನು ಬಿಡಬೇಕು, ಎಷ್ಟು ಜೋರಾಗಿ ಓದಬೇಕು ಅಂತ ಕೋಶಕ್ಕೆ ಅವು ಹೇಳುತ್ತವೆ. ಅಕ್ಷರವೇ ಕೆಟ್ಟರೆ ಅದು ಮ್ಯುಟೇಶನ್. ಗೆರೆ ಅಳಿಸಿಹೋದರೆ ಅಥವಾ ತಪ್ಪು ಜಾಗದಲ್ಲಿ ಬಿದ್ದರೆ ಅದು ಎಪಿಜೆನೆಟಿಕ್ ಬದಲಾವಣೆ. ಈ ವ್ಯತ್ಯಾಸ ಸಣ್ಣದಲ್ಲ. ಕೆಟ್ಟ ಅಕ್ಷರವನ್ನು ತಿದ್ದುವುದು ಬಲು ಕಷ್ಟ. ಪೆನ್ಸಿಲ್ ಗೆರೆಯನ್ನು ಅಳಿಸಿ ಮತ್ತೆ ಎಳೆಯಬಹುದು. ಔಷಧ ಹುಡುಕುವವರ ಆಸೆಯೆಲ್ಲ ಇಲ್ಲೇ ಇದೆ.

ಎಪಿಜೆನೆಟಿಕ್ಸ್ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್. ಆಗಿನ್ನೂ ಡಿಎನ್‌ಎಯ ಆಕಾರವೇ ಗೊತ್ತಿರಲಿಲ್ಲ.

ಗುರುತು ಹಾಕುವ ಬಗೆಗಳು

ಮೊದಲನೆಯದು ಮೀಥೈಲ್ ಗುರುತು. ಒಂದು ಇಂಗಾಲ, ಮೂರು ಜಲಜನಕ, ಇಷ್ಟೇ ಇರುವ ಪುಟ್ಟ ರಾಸಾಯನಿಕ ತುಣುಕು ಡಿಎನ್‌ಎಯ 'ಸಿ' ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ 'ಸಿ'ಯ ಪಕ್ಕದಲ್ಲೇ 'ಜಿ' ಇರುವ ಕಡೆ ಇದು ಕೂರುತ್ತದೆ. ಇಂಥ ಜಾಗಗಳು ನಮ್ಮ ಡಿಎನ್‌ಎಯಲ್ಲಿ ಸುಮಾರು 2.8 ಕೋಟಿ ಇವೆ. ಜೀನ್ ಶುರುವಾಗುವ ಕಡೆ ಮೀಥೈಲ್ ತುಂಬಿಕೊಂಡರೆ ಆ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಇದನ್ನು ಅಂಟಿಸುವುದಕ್ಕೆ ಒಂದು ಗುಂಪಿನ ಎಂಜೈಮ್‌ಗಳಿವೆ, ಬಿಡಿಸುವುದಕ್ಕೆ ಇನ್ನೊಂದು ಗುಂಪಿನವು. ಅವಳಿಗಳಲ್ಲಿ ಒಬ್ಬರಿಗೆ ಕಡಿಮೆಯಾಗಿದ್ದ ಗುರುತು ಇದೇ.

ಎರಡನೆಯದು ಹಿಸ್ಟೋನ್ ಗುರುತು. ಒಂದು ಕೋಶದ ಡಿಎನ್‌ಎಯನ್ನು ನೇರವಾಗಿ ಚಾಚಿದರೆ ಸುಮಾರು ಎರಡು ಮೀಟರ್ ಉದ್ದ. ಅದು ಹಿಡಿಸಬೇಕಾದ ಜಾಗ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಹಾಗಾಗಿ ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟೆಂಟು ಸೇರಿ ಒಂದು ಉಂಡೆಯಾಗುತ್ತವೆ. ಒಂದೊಂದು ಉಂಡೆಗೂ 147 ಜೋಡಿ ಅಕ್ಷರದಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನನ್ನು ಓದುವುದಕ್ಕೆ ಆಗುವುದಿಲ್ಲ. ಸಡಿಲವಾದ ಕಡೆ ಓದಬಹುದು. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ತುಣುಕು ಅಂಟಿದರೆ ಹಿಡಿತ ಸಡಿಲವಾಗುತ್ತದೆ. ಆ ತುಣುಕನ್ನು ಕಿತ್ತುಹಾಕುವ ಎಂಜೈಮ್‌ಗಳಿಗೆ ಎಚ್‌ಡಿಎಸಿ ಎಂದು ಹೆಸರು. ಇವು ಮನುಷ್ಯರಲ್ಲಿ 18 ಬಗೆ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೂರನೆಯದನ್ನು ಚುಟುಕಾಗಿ ಹೇಳುತ್ತೇನೆ. ಜೀನಿನಿಂದ ಪ್ರೋಟೀನಿಗೆ ಸುದ್ದಿ ಒಯ್ಯುವ ಆರ್‌ಎನ್‌ಎಯನ್ನು ದಾರಿಯಲ್ಲೇ ತಡೆಯುವ ಪುಟಾಣಿ ಆರ್‌ಎನ್‌ಎಗಳಿವೆ. ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ. ಇವುಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಸಿಕ್ಕಿತು. ನರಕೋಶಗಳನ್ನು ಕಾಪಾಡುವ 132ನೇ ಸಂಖ್ಯೆಯ ಮೈಕ್ರೋ ಆರ್‌ಎನ್‌ಎ ಅಲ್ಝೈಮರ್ಸ್ ಮೆದುಳಿನಲ್ಲಿ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ನೆನಪಿಗೂ ಈ ಗುರುತುಗಳಿಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಹೊಸದೇನನ್ನಾದರೂ ಕಲಿತಾಗ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗಬೇಕು. ಅದಕ್ಕೆ ಹೊಸ ಪ್ರೋಟೀನ್ ಬೇಕು. ಪ್ರೋಟೀನ್ ಬೇಕಾದರೆ ಜೀನ್ ಓದಬೇಕು. ಜೀನ್ ಓದಬೇಕಾದರೆ ಗುರುತುಗಳು ಬದಲಾಗಬೇಕು. ಇಲಿಗಳಿಗೆ ಒಂದು ಪಾಠ ಕಲಿಸಿದ ಒಂದು ಗಂಟೆಯೊಳಗೆ ಅವುಗಳ ಮೆದುಳಿನಲ್ಲಿ ಕೆಲವು ಜೀನ್‌ಗಳ ಮೀಥೈಲ್ ಗುರುತು ಬದಲಾಗಿ, ಒಂದು ದಿನದೊಳಗೆ ಮೊದಲಿನಂತಾದದ್ದನ್ನು 2007ರ ಒಂದು ಪ್ರಯೋಗ ತೋರಿಸಿತು. ಅಂದರೆ ಮೆದುಳಿನಲ್ಲಿ ಈ ಗುರುತುಗಳು ಒಮ್ಮೆ ಹಾಕಿ ಬಿಟ್ಟಂಥವಲ್ಲ, ದಿನವೂ ಕೆಲಸದಲ್ಲಿರುತ್ತವೆ.

ಅದೇ 2007ರಲ್ಲಿ ಅಮೆರಿಕದ ಎಂಐಟಿಯ ಲಿ-ಹುಯೆ ತ್ಸಾಯ್ ಅವರ ತಂಡ ಮಾಡಿದ ಇನ್ನೊಂದು ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ಬಳಸಿದ್ದು ವಿಶೇಷವಾಗಿ ಬೆಳೆಸಿದ ಇಲಿಗಳನ್ನು. ಆಹಾರದಲ್ಲಿ ಒಂದು ಔಷಧ ಇರುವ ತನಕ ಅವು ಆರೋಗ್ಯವಾಗಿರುತ್ತವೆ. ಅದನ್ನು ನಿಲ್ಲಿಸಿದರೆ ಮೆದುಳಿನಲ್ಲಿ ಒಂದು ಹಾನಿಕರ ಪ್ರೋಟೀನ್ ತಯಾರಾಗಿ ನರಕೋಶಗಳು ಸಾಯತೊಡಗುತ್ತವೆ.

ಮೊದಲು ಈ ಇಲಿಗಳಿಗೆ ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಆ ಪೆಟ್ಟಿಗೆಯನ್ನು ಮತ್ತೆ ಕಂಡರೆ ಅವು ಹೆದರಿ ಅಲ್ಲಾಡದೆ ನಿಲ್ಲಬೇಕು, ಅದೇ ನೆನಪಿನ ಗುರುತು. ನಾಲ್ಕು ವಾರ ಬಿಟ್ಟು, ನೆನಪು ಗಟ್ಟಿಯಾದ ಮೇಲೆ, ಹಾನಿಕರ ಪ್ರೋಟೀನ್ ಶುರು ಮಾಡಿದರು. ನರಕೋಶಗಳು ಸತ್ತವು. ಇಲಿಗಳು ಪೆಟ್ಟಿಗೆಯನ್ನು ಮರೆತವು. ಆಮೇಲೆ ಕೆಲವನ್ನು ದೊಡ್ಡ ಪಂಜರದಲ್ಲಿ ಬಿಟ್ಟರು. ಅಲ್ಲಿ ಆಟಿಕೆಗಳಿದ್ದವು, ಓಡುವ ಚಕ್ರಗಳಿದ್ದವು, ಜೊತೆಗೆ ಬೇರೆ ಇಲಿಗಳಿದ್ದವು. ಇನ್ನು ಕೆಲವಕ್ಕೆ ಎಚ್‌ಡಿಎಸಿಯನ್ನು ತಡೆಯುವ ಔಷಧ ಕೊಟ್ಟರು.

ಎರಡೂ ಗುಂಪಿನ ಇಲಿಗಳಿಗೆ ಪೆಟ್ಟಿಗೆಯ ನೆನಪು ಮರಳಿತು. ಸತ್ತ ನರಕೋಶಗಳು ಹುಟ್ಟಿ ಬರಲಿಲ್ಲ. ಉಳಿದ ಕೋಶಗಳ ಹಿಸ್ಟೋನ್‌ಗಳಲ್ಲಿ ಅಸಿಟೈಲ್ ಗುರುತು ಹೆಚ್ಚಿ, ಹೊಸ ಸಂಪರ್ಕಗಳು ಬೆಳೆದವು. ಹೋಗಿಯೇಬಿಟ್ಟಿತು ಅಂದುಕೊಂಡ ನೆನಪು ಎಲ್ಲೋ ಉಳಿದೇ ಇತ್ತು, ಅದನ್ನು ತಲುಪುವ ದಾರಿ ಮಾತ್ರ ಮುಚ್ಚಿತ್ತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮನಸ್ಸು ತಟ್ಟುವ ಪ್ರಯೋಗ ಇದು.

ತಂಡ ಅಲ್ಲಿಗೆ ನಿಲ್ಲಲಿಲ್ಲ. ಎಚ್‌ಡಿಎಸಿಗಳಲ್ಲಿ ನೆನಪಿಗೆ ಅಡ್ಡಿ ಮಾಡುವುದು ಮುಖ್ಯವಾಗಿ 2ನೇ ಬಗೆ ಎಂದು 2009ರಲ್ಲಿ ತೋರಿಸಿತು. 2012ರಲ್ಲಿ, ತೀರಿಕೊಂಡ ಅಲ್ಝೈಮರ್ಸ್ ರೋಗಿಗಳ ಹಿಪೊಕ್ಯಾಂಪಸ್‌ನಲ್ಲೂ ಇದು ಹೆಚ್ಚಾಗಿದೆ ಎಂದು ವರದಿ ಮಾಡಿತು. ಹಿಪೊಕ್ಯಾಂಪಸ್ ಅಂದರೆ ಹೊಸ ನೆನಪು ರೂಪುಗೊಳ್ಳುವ ಜಾಗ. ಕಲಿಕೆಗೆ ಬೇಕಾದ ಜೀನ್‌ಗಳ ಮೇಲೆ ಎಚ್‌ಡಿಎಸಿ 2 ಕೂತು ಅಸಿಟೈಲ್ ಗುರುತನ್ನು ಕಿತ್ತುಹಾಕುತ್ತದೆ. ಜೀನ್ ಅಲ್ಲೇ ಇರುತ್ತದೆ, ಓದಲು ಆಗುವುದಿಲ್ಲ.

ದಾನವಾಗಿ ಬಂದ ಮೆದುಳುಗಳು

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವಾ ಎಂದು ನೋಡಬೇಕಾದರೆ ಮನುಷ್ಯರ ಮೆದುಳೇ ಬೇಕು. ಬದುಕಿರುವವರ ಮೆದುಳಿನಿಂದ ಚೂರು ತೆಗೆಯಲಾಗುವುದಿಲ್ಲ. ಇಲ್ಲಿ ನೆರವಿಗೆ ಬಂದವರು ದಾನಿಗಳು. ಚಿಕಾಗೋದ ರಶ್ ವಿಶ್ವವಿದ್ಯಾಲಯ 1994ರಲ್ಲಿ ಒಂದು ಅಧ್ಯಯನ ಶುರು ಮಾಡಿತು. ಅದಕ್ಕೆ ಸೇರಿದವರು ವಯಸ್ಸಾದ ಕ್ಯಾಥೊಲಿಕ್ ಸನ್ಯಾಸಿನಿಯರು, ಪಾದ್ರಿಗಳು, ಸನ್ಯಾಸಿಗಳು. ಸೇರುವಾಗ ಯಾರಿಗೂ ಡಿಮೆನ್ಶಿಯಾ ಇರಲಿಲ್ಲ. ಪ್ರತಿವರ್ಷ ನೆನಪಿನ ಪರೀಕ್ಷೆ ಮಾಡಿಸಿಕೊಳ್ಳುತ್ತೇವೆ, ಸತ್ತ ಮೇಲೆ ಮೆದುಳನ್ನು ಕೊಡುತ್ತೇವೆ ಎಂದು ಒಪ್ಪಿಕೊಂಡರು. 1997ರಲ್ಲಿ ಇದರ ಜೊತೆಗೆ ಸಾಮಾನ್ಯ ನಾಗರಿಕರ ಇನ್ನೊಂದು ಅಧ್ಯಯನವೂ ಶುರುವಾಯಿತು.

ಹೀಗೆ ಬಂದ 708 ಮೆದುಳುಗಳನ್ನು ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಹೊರಬಂತು. ಮೀಥೈಲ್ ಗುರುತನ್ನು ಓದುವ ವಿಧಾನ ಸರಳ, ಜಾಣತನದ್ದು. ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಸೇರಿಸುತ್ತಾರೆ. ಮೀಥೈಲ್ ಇಲ್ಲದ 'ಸಿ' ಅಕ್ಷರ ಬೇರೆ ಅಕ್ಷರವಾಗಿ ಬದಲಾಗುತ್ತದೆ. ಮೀಥೈಲ್ ಇರುವ 'ಸಿ' ಹಾಗೇ ಉಳಿಯುತ್ತದೆ. ಆಮೇಲೆ ಓದಿದರೆ ಯಾವುದರ ಮೇಲೆ ಗುರುತಿತ್ತು ಎಂದು ಗೊತ್ತಾಗುತ್ತದೆ. ಒಂದೊಂದು ಮೆದುಳಿನಲ್ಲೂ ನಾಲ್ಕು ಲಕ್ಷಕ್ಕೂ ಹೆಚ್ಚು ಜಾಗಗಳನ್ನು ನೋಡಿದರು. ಅಮಿಲಾಯ್ಡ್ ಕಲೆ ಎಷ್ಟಿದೆ ಎನ್ನುವುದರ ಜೊತೆ ಹೊಂದಿಕೊಂಡು ಬದಲಾಗುವ 71 ಜಾಗಗಳು ಸಿಕ್ಕವು.

ಅದೇ ಹೊತ್ತಿಗೆ ಬ್ರಿಟನ್ನಿನ ಇನ್ನೊಂದು ತಂಡ ಬೇರೆಯದೇ ಮೆದುಳುಗಳನ್ನು ಪರೀಕ್ಷಿಸಿತ್ತು. ಎರಡೂ ತಂಡಗಳ ಪಟ್ಟಿಯಲ್ಲಿ ಎದ್ದು ಕಂಡ ಒಂದು ಜೀನ್ ಆಂಕೈರಿನ್ 1. ಎರಡು ತಂಡ, ಬೇರೆ ಬೇರೆ ದಾನಿಗಳು, ಒಂದೇ ಜೀನ್. ವಿಜ್ಞಾನದಲ್ಲಿ ನಂಬಿಕೆ ಹುಟ್ಟುವುದು ಇಂಥ ಕಡೆ, ಅಲ್ವಾ? ಮತ್ತೂ ಒಂದು ವಿಷಯ ಕಂಡಿತು. ಕಾಯಿಲೆ ಬೇಗ ಹಿಡಿಯುವ ಮೆದುಳಿನ ಹೊರಪದರದ ಭಾಗಗಳಲ್ಲಿ ಈ ಬದಲಾವಣೆ ಇತ್ತು. ಕಾಯಿಲೆ ಅಷ್ಟಾಗಿ ಮುಟ್ಟದ ಕಿರಿಮೆದುಳಿನಲ್ಲಿ ಇರಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ವ್ಯತ್ಯಾಸಗಳು ಸಣ್ಣವು. ಆರೋಗ್ಯದ ಮೆದುಳಿಗೂ ಕಾಯಿಲೆಯ ಮೆದುಳಿಗೂ ಒಂದೊಂದು ಜಾಗದಲ್ಲಿ ನೂರಕ್ಕೆ ಕೆಲವೇ ಪಾಲಿನ ಅಂತರ. ಒಂದು ಜೀನ್ ಪೂರ್ತಿ ಆರಿಹೋಯಿತು ಎನ್ನುವಂಥ ನಾಟಕೀಯ ಚಿತ್ರ ಇಲ್ಲಿಲ್ಲ.

ವಯಸ್ಸಾಗುವುದೇ ಕಾಯಿಲೆಯಾ?

ಅಲ್ಲ ಎನ್ನುವುದಕ್ಕೆ ಎಪಿಜೆನೆಟಿಕ್ಸ್‌ನಲ್ಲೇ ಒಂದು ಒಳ್ಳೆಯ ಪುರಾವೆ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಷೆಲ್ಲಿ ಬರ್ಗರ್ ಅವರ ತಂಡ 2018ರಲ್ಲಿ ಮೂರು ಗುಂಪಿನ ಮೆದುಳುಗಳನ್ನು ಹೋಲಿಸಿತು: ಚಿಕ್ಕ ವಯಸ್ಸಿನವರು, ಆರೋಗ್ಯವಾಗಿದ್ದ ಹಿರಿಯರು, ಅಲ್ಝೈಮರ್ಸ್ ಇದ್ದ ಹಿರಿಯರು. ಎಚ್4 ಎಂಬ ಹಿಸ್ಟೋನಿನ 16ನೇ ಜಾಗದಲ್ಲಿ ಕೂರುವ ಅಸಿಟೈಲ್ ಗುರುತನ್ನು ನೋಡಿದರು. ಸಹಜವಾಗಿ ವಯಸ್ಸಾದವರಲ್ಲಿ ಆ ಗುರುತು ಡಿಎನ್‌ಎಯ ಹೊಸ ಹೊಸ ಜಾಗಗಳಲ್ಲಿ ಹೆಚ್ಚಿತ್ತು. ಅಲ್ಝೈಮರ್ಸ್ ಇದ್ದವರಲ್ಲಿ ತದ್ವಿರುದ್ಧವಾಗಿ ಕಡಿಮೆಯಾಗಿತ್ತು. ಅಂದರೆ ವಯಸ್ಸಾಗುವಾಗ ಮೆದುಳು ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಳ್ಳುವ ಹೊಂದಾಣಿಕೆ ಇದಾಗಿರಬಹುದು, ಕಾಯಿಲೆಯಲ್ಲಿ ಅದು ತಪ್ಪಿಹೋಗಿರಬಹುದು. "ವಯಸ್ಸಾಯ್ತಲ್ಲ, ಮರೆವು ಇದ್ದೇ ಇರುತ್ತೆ" ಎಂದು ಸುಮ್ನೆ ಬಿಟ್ಟುಬಿಡುವುದು ಸರಿಯಲ್ಲ ಎನ್ನಲು ಇದೂ ಒಂದು ಕಾರಣ.

ಕೆಡುವುದು ನರಕೋಶ ಮಾತ್ರವಲ್ಲ

ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸೋಂಕಿನ ವಿರುದ್ಧ ಹೋರಾಡುವುದು, ಸತ್ತ ಕೋಶಗಳನ್ನು, ಅಮಿಲಾಯ್ಡ್‌ನಂಥ ಕಸವನ್ನು ತೆಗೆಯುವುದು ಇವುಗಳ ಕೆಲಸ. ಅಲ್ಝೈಮರ್ಸ್ ಅಪಾಯ ಹೆಚ್ಚಿಸುವ ಡಿಎನ್‌ಎ ವ್ಯತ್ಯಾಸಗಳಲ್ಲಿ ಹೆಚ್ಚಿನವು ಜೀನಿನ ಒಳಗೆ ಇರುವುದಿಲ್ಲ. ಜೀನನ್ನು ಯಾವಾಗ ಓದಬೇಕು ಎಂದು ತೀರ್ಮಾನಿಸುವ ನಿಯಂತ್ರಣದ ಜಾಗಗಳಲ್ಲಿರುತ್ತವೆ. ಆ ಜಾಗಗಳು ಯಾವ ಕೋಶದಲ್ಲಿ ತೆರೆದಿವೆ ಎಂದು ಎಪಿಜೆನೆಟಿಕ್ ಗುರುತುಗಳನ್ನು ನೋಡಿ ಹೇಳಬಹುದು. ನೋಡಿದಾಗ ಎಷ್ಟೋ ಜಾಗಗಳು ತೆರೆದಿದ್ದದ್ದು ನರಕೋಶದಲ್ಲಲ್ಲ, ಮೈಕ್ರೋಗ್ಲಿಯಾದಲ್ಲಿ.

ಬಿನ್ 1 ಎಂಬ ಜೀನಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಎಪಿಒಇ ಬಿಟ್ಟರೆ ಅಪಾಯದ ಪಟ್ಟಿಯಲ್ಲಿ ಮುಂದಿರುವ ಜೀನ್ ಇದು. 2019ರ ಒಂದು ಪ್ರಯೋಗದಲ್ಲಿ, ಈ ಜೀನಿನ ಪಕ್ಕದ ಅಪಾಯದ ಜಾಗವನ್ನು ಮನುಷ್ಯರ ಕಾಂಡಕೋಶಗಳಿಂದ ಕತ್ತರಿಸಿ ತೆಗೆದು, ಆ ಕೋಶಗಳಿಂದ ಮೆದುಳಿನ ಬೇರೆ ಬೇರೆ ಕೋಶಗಳನ್ನು ಬೆಳೆಸಿದರು. ನರಕೋಶದಲ್ಲಿ ಬಿನ್ 1 ಎಂದಿನಂತೆ ಇತ್ತು. ಮೈಕ್ರೋಗ್ಲಿಯಾದಲ್ಲಿ ಮಾತ್ರ ಇಲ್ಲವಾಯಿತು. ಒಂದೇ ಅಕ್ಷರಸಾಲು, ಒಂದು ಪಾತ್ರಕ್ಕೆ ಮಾತ್ರ ಅನ್ವಯಿಸುವ ಸೂಚನೆ.

2023ರಲ್ಲಿ ಎಂಐಟಿಯ ವಿಜ್ಞಾನಿಗಳು 92 ಜನರ ಮೆದುಳಿನ ಲಕ್ಷಾಂತರ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಾಯಿಲೆ ಮುಂದುವರಿದವರಲ್ಲಿ ಮುಚ್ಚಿರಬೇಕಾದ ಜಾಗಗಳು ತೆರೆದುಕೊಂಡಿದ್ದವು, ತೆರೆದಿರಬೇಕಾದವು ಮಸುಕಾಗಿದ್ದವು. ಇದನ್ನು ಅವರು ಎಪಿಜೆನೆಟಿಕ್ ಸವೆತ ಎಂದು ಕರೆದರು. ಗೆರೆಗಳು ಅಳಿಸಿ, ನಟ ತನ್ನ ಪಾತ್ರವನ್ನೇ ಮರೆಯುವ ಹಾಗೆ. ನರಕೋಶ ತಾನು ನರಕೋಶ ಎನ್ನುವ ಹಿಡಿತವನ್ನೇ ಕಳೆದುಕೊಳ್ಳತೊಡಗುತ್ತದೆ.

ಯಾವುದು ಮೊದಲು?

ಇಡೀ ಕ್ಷೇತ್ರದ ಕಷ್ಟದ ಪ್ರಶ್ನೆ ಇದು. ಗುರುತು ಕೆಟ್ಟದ್ದರಿಂದ ಕಾಯಿಲೆ ಬಂತಾ, ಕಾಯಿಲೆ ಬಂದದ್ದರಿಂದ ಗುರುತು ಕೆಟ್ಟಿತಾ? ಸತ್ತ ಮೇಲೆ ನೋಡುವ ಮೆದುಳು ಕಥೆಯ ಕೊನೆಯ ಪುಟ. ಮೊದಲ ಪುಟದಲ್ಲಿ ಏನಿತ್ತು ಎಂದು ಅದರಿಂದ ಊಹಿಸಬೇಕು.

ಎರಡೂ ಕಡೆ ಸುಳಿವುಗಳಿವೆ. 2014ರ ಅಧ್ಯಯನದಲ್ಲಿ, ಮೆದುಳಿನಲ್ಲಿ ಕಲೆಗಳಿದ್ದೂ ಬದುಕಿದ್ದಾಗ ಮರೆವು ಕಾಣಿಸದ ಜನರಲ್ಲೂ ಮೀಥೈಲ್ ಬದಲಾವಣೆಗಳು ಸಿಕ್ಕವು. ಅಂದರೆ ಅವು ಬೇಗನೆ ಶುರುವಾಗುತ್ತವೆ. ಇನ್ನೊಂದು ಕಡೆ, ಅದೇ ವರ್ಷದ ಬೇರೊಂದು ಪ್ರಯೋಗದಲ್ಲಿ, ಹಣ್ಣಿನ ನೊಣಗಳ ಮೆದುಳಿನಲ್ಲಿ ಕೆಟ್ಟ ಟಾವ್ ಸೇರಿಸಿದಾಗ ಬಿಗಿಯಾಗಿ ಸುತ್ತಿರಬೇಕಾದ ಡಿಎನ್‌ಎ ತಾನಾಗಿ ಸಡಿಲವಾಯಿತು. ಓದಬಾರದ ಜೀನ್‌ಗಳನ್ನು ಕೋಶ ಓದತೊಡಗಿತು. ಇಲ್ಲಿ ಕಾಯಿಲೆಯ ಪ್ರೋಟೀನೇ ಗುರುತನ್ನು ಕೆಡಿಸಿತು. ಒಂದು ಇನ್ನೊಂದನ್ನು ಕೆಡಿಸುತ್ತಾ ಸುತ್ತು ಬೆಳೆಯುತ್ತದೆ ಎನ್ನುವುದೇ ಹೆಚ್ಚು ಸರಿ ಎಂದು ನನಗೆ ಕಾಣುತ್ತದೆ.

ಅಳತೆಯಲ್ಲೂ ಒಂದು ತೊಡಕಿದೆ. ಮೆದುಳಿನ ಚೂರಿನಲ್ಲಿ ಹಲವು ಬಗೆಯ ಕೋಶಗಳು ಬೆರೆತಿರುತ್ತವೆ. ಕಾಯಿಲೆಯಲ್ಲಿ ನರಕೋಶಗಳು ಸಾಯುತ್ತವೆ. ಆಗ ಉಳಿದ ಕೋಶಗಳ ಪಾಲು ತಾನಾಗಿ ಹೆಚ್ಚುತ್ತದೆ. ಯಾವ ಕೋಶದಲ್ಲೂ ಗುರುತು ಬದಲಾಗದಿದ್ದರೂ ಒಟ್ಟು ಲೆಕ್ಕ ಬದಲಾದಂತೆ ಕಾಣಬಹುದು. ಈಗ ಕೋಶಗಳನ್ನು ಬೇರ್ಪಡಿಸಿ ನೋಡುತ್ತಿರುವುದು ಇದಕ್ಕೇ.

ಹೊರಗಿನ ಬದುಕು ಒಳಗೆ ಬರುವ ದಾರಿ

ಕೋತಿಗಳ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮರಿಗಳಾಗಿದ್ದಾಗ, ಸುಮಾರು 400 ದಿನ, ಅವುಗಳಿಗೆ ಆಹಾರದಲ್ಲಿ ಸೀಸ ಕೊಟ್ಟಿದ್ದರು. ಆಮೇಲೆ ಕೊಡಲಿಲ್ಲ. 23 ವರ್ಷದ ಮೇಲೆ ಮೆದುಳು ನೋಡಿದಾಗ ಅಮಿಲಾಯ್ಡ್ ತಯಾರಿಸುವ ಜೀನ್‌ಗಳು ಹೆಚ್ಚು ಚುರುಕಾಗಿದ್ದವು. ಮೀಥೈಲ್ ಅಂಟಿಸುವ ಎಂಜೈಮಿನ ಕೆಲಸ ಕುಗ್ಗಿತ್ತು. ಎಳೆತನದಲ್ಲಿ ಬಿದ್ದ ಪೆಟ್ಟು ಮುಪ್ಪಿನಲ್ಲಿ ಹೀಗೆ ತಲೆಯೆತ್ತಬಹುದು.

ಸಿಗರೇಟು ಸೇದುವವರ ರಕ್ತದಲ್ಲಿ ಮೀಥೈಲ್ ಗುರುತು ಎಷ್ಟು ಸ್ಪಷ್ಟವಾಗಿ ಬದಲಾಗುತ್ತದೆ ಎಂದರೆ, ರಕ್ತ ನೋಡಿಯೇ ಸೇದುತ್ತಾರೋ ಇಲ್ಲವೋ ಎಂದು ಬಹುಪಾಲು ಸರಿಯಾಗಿ ಹೇಳಬಹುದು. ಹಾಗೆಂದು ರಕ್ತದಲ್ಲಿ ಆದದ್ದೆಲ್ಲ ಮೆದುಳಿನಲ್ಲೂ ಆಗುತ್ತದೆ ಎಂದಲ್ಲ.

ಡಿಮೆನ್ಶಿಯಾ ಕುರಿತು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2024ರಲ್ಲಿ, ನಾವು ಬದಲಿಸಬಹುದಾದ 14 ಅಪಾಯದ ಅಂಶಗಳನ್ನು ಪಟ್ಟಿ ಮಾಡಿತು. ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ತಲೆಗೆ ಪೆಟ್ಟು, ಒಂಟಿತನ, ಗಾಳಿಯ ಮಾಲಿನ್ಯ ಇವೆಲ್ಲ ಅದರಲ್ಲಿವೆ. ಇವೆಲ್ಲವನ್ನೂ ಇಲ್ಲವಾಗಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು 45 ಶೇಕಡಾ ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಇದು ಇಡೀ ಜನಸಮುದಾಯದ ಲೆಕ್ಕ, ಒಬ್ಬ ವ್ಯಕ್ತಿಗೆ ಕೊಡುವ ಭರವಸೆಯಲ್ಲ. ಇವುಗಳಲ್ಲಿ ಎಷ್ಟು ಎಪಿಜೆನೆಟಿಕ್ ದಾರಿಯಿಂದ ಕೆಲಸ ಮಾಡುತ್ತವೆ ಎಂದು ಬಿಡಿಸುವ ಕೆಲಸ ನಡೆದಿದೆ. ಆದರೆ ರಕ್ತದೊತ್ತಡ ಹಿಡಿತದಲ್ಲಿಡಲು, ಶ್ರವಣ ಸಾಧನ ಹಾಕಿಕೊಳ್ಳಲು ಆ ಉತ್ತರಕ್ಕೆ ಕಾಯಬೇಕಿಲ್ಲ.

ಔಷಧ ಎಲ್ಲಿಗೆ ಬಂತು?

ಈಗ ಬಳಕೆಯಲ್ಲಿರುವ ಹೊಸ ಔಷಧಗಳಾದ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಪಿಜೆನೆಟಿಕ್ ಔಷಧಗಳಲ್ಲ. ಅವು ಅಮಿಲಾಯ್ಡನ್ನು ತೆಗೆಯುತ್ತವೆ. ಆರಂಭದ ಹಂತದವರಲ್ಲಿ ಕುಸಿತವನ್ನು ನಿಧಾನಿಸುತ್ತವೆ, ನಿಲ್ಲಿಸುವುದಿಲ್ಲ.

ಎಚ್‌ಡಿಎಸಿ ತಡೆಯುವ ಔಷಧಗಳು ಕ್ಯಾನ್ಸರ್‌ಗೆ ಈಗಾಗಲೇ ಇವೆ. ವೊರಿನೊಸ್ಟಾಟ್‌ಗೆ ಅಮೆರಿಕದಲ್ಲಿ 2006ರಲ್ಲೇ ಒಪ್ಪಿಗೆ ಸಿಕ್ಕಿತು. ಹಾಗಾದರೆ ಅದನ್ನೇ ಅಲ್ಝೈಮರ್ಸ್‌ಗೆ ಕೊಡಬಾರದೇಕೆ? ತೊಂದರೆ ಇದು: ಅದು 2ನೇ ಬಗೆಯನ್ನು ಮಾತ್ರ ತಡೆಯುವುದಿಲ್ಲ, ಬೇರೆ ಹಲವನ್ನೂ ತಡೆಯುತ್ತದೆ. ಮೆದುಳಿನಲ್ಲಿ ಮಾತ್ರವಲ್ಲ, ಇಡೀ ದೇಹದಲ್ಲಿ. ಬೇಡದ ಗೆರೆಯನ್ನು ಅಳಿಸಲು ಹೋಗಿ ಪ್ರತಿಯ ಎಲ್ಲ ಪುಟಕ್ಕೂ ರಬ್ಬರ್ ಉಜ್ಜಿದ ಹಾಗಾಗುತ್ತದೆ. ಕ್ಯಾನ್ಸರಿನಲ್ಲಿ ಸಹಿಸಬಹುದಾದ ಸುಸ್ತು, ರಕ್ತಕಣಗಳ ಇಳಿಕೆಯಂಥ ಅಡ್ಡಪರಿಣಾಮಗಳನ್ನು ವರ್ಷಗಟ್ಟಲೆ ಔಷಧ ತೆಗೆದುಕೊಳ್ಳಬೇಕಾದ ಹಿರಿಯರು ಸಹಿಸುವುದು ಕಷ್ಟ.

ಅದಕ್ಕೇ ಈಗ ಗಮನ ಹೋಗಿರುವುದು ಒಂದೇ ಒಂದು ಜೀನಿನ ಗುರುತನ್ನು ಬದಲಿಸುವ ಉಪಾಯಗಳ ಕಡೆಗೆ. 2024ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೆದುಳಿನಲ್ಲಿ ಪ್ರಿಯಾನ್ ಎಂಬ ಬೇರೆ ಕಾಯಿಲೆಯ ಪ್ರೋಟೀನನ್ನು ಹೀಗೆ ಶೇಕಡಾ 80ಕ್ಕಿಂತ ಹೆಚ್ಚು ಇಳಿಸಿದರು. ಡಿಎನ್‌ಎಯ ಒಂದು ಅಕ್ಷರವನ್ನೂ ಕತ್ತರಿಸಲಿಲ್ಲ, ಮೀಥೈಲ್ ಗುರುತು ಹಾಕಿ ಜೀನನ್ನು ಸುಮ್ಮನಾಗಿಸಿದರು. ಟಾವ್ ಜೀನಿಗೂ ಇದೇ ದಾರಿ ಹಿಡಿಯಬಹುದೆಂಬ ನಿರೀಕ್ಷೆ ಇದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ದೂರದ್ದು.

ಪರೀಕ್ಷೆ ಮಾಡಿಸಬಹುದಾ?

2013ರಲ್ಲಿ ಸ್ಟೀವ್ ಹೋರ್ವಾತ್ ಎಂಬ ವಿಜ್ಞಾನಿ ಡಿಎನ್‌ಎಯ 353 ಜಾಗಗಳ ಮೀಥೈಲ್ ಗುರುತು ನೋಡಿ ವಯಸ್ಸು ಅಂದಾಜಿಸುವ ಲೆಕ್ಕ ಕೊಟ್ಟರು. ಈಗ ಮಾರುವ 'ದೇಹದ ವಯಸ್ಸಿನ' ಪರೀಕ್ಷೆಗಳಲ್ಲಿ ಹೆಚ್ಚಿನವು ಇದೇ ಆಲೋಚನೆಯ ಮೇಲೆ ನಿಂತಿವೆ. ಅವು ನೋಡುವುದು ರಕ್ತ ಅಥವಾ ಎಂಜಲು. ನಿಮಗೆ ಅಲ್ಝೈಮರ್ಸ್ ಬರುತ್ತದೋ ಇಲ್ಲವೋ ಎಂದು ಅವು ಹೇಳಲಾರವು. ಅಲ್ಝೈಮರ್ಸ್‌ಗೆ ಎಂದೇ ರಕ್ತ ಪರೀಕ್ಷೆಗಳೂ ಬಂದಿವೆ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಅಳೆಯುವುದು ಟಾವ್ ಮತ್ತು ಅಮಿಲಾಯ್ಡ್ ಪ್ರೋಟೀನುಗಳನ್ನು, ಎಪಿಜೆನೆಟಿಕ್ ಗುರುತನ್ನಲ್ಲ. ಅದೂ ಆಗಲೇ ಮರೆವಿನ ಲಕ್ಷಣ ಇರುವವರಿಗಾಗಿ, ವೈದ್ಯರ ಬೇರೆ ಪರೀಕ್ಷೆಗಳ ಜೊತೆಗೆ.

ಮಕ್ಕಳಿಗೆ ದಾಟುತ್ತದಾ?

ತಂದೆ ತಾಯಿಯ ಮೆದುಳಿನಲ್ಲಿ 70ರ ವಯಸ್ಸಿನಲ್ಲಿ ಆದ ಗುರುತಿನ ಬದಲಾವಣೆ ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳು ಹುಟ್ಟಿ ಎಷ್ಟೋ ವರ್ಷಗಳಾಗಿರುತ್ತವೆ. ಅದೂ ಅಲ್ಲದೆ ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುಗಳ ಡಿಎನ್‌ಎ, ನರಕೋಶದ್ದಲ್ಲ. ಆ ಅಣುಗಳು ರೂಪುಗೊಳ್ಳುವಾಗ ಒಮ್ಮೆ, ಗರ್ಭ ಕಟ್ಟಿದ ಕೂಡಲೇ ಇನ್ನೊಮ್ಮೆ, ಹಳೆಯ ಗುರುತುಗಳು ಬಹುಪಾಲು ಅಳಿಸಿ ಹೊಸದಾಗಿ ಬರೆಯಲ್ಪಡುತ್ತವೆ. ದಾಟುವುದು ಅಕ್ಷರಗಳು. ಎಪಿಒಇ ಇ4ರ ಒಂದು ಪ್ರತಿ ತಾಯಿಯಲ್ಲೋ ತಂದೆಯಲ್ಲೋ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೂ ಕಾಯಿಲೆ ಖಚಿತವಲ್ಲ. ಕುಟುಂಬದಲ್ಲಿ ಇಬ್ಬರು ಮೂವರಿಗೆ 65ಕ್ಕೆ ಮೊದಲೇ ಕಾಯಿಲೆ ಬಂದಿದ್ದರೆ ಮಾತ್ರ ವಿಷಯ ಬೇರೆ. ಅಂಥವರು ಪರೀಕ್ಷೆಗೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು, ಫಲಿತಾಂಶ ಹೇಗೆ ಬಂದರೆ ಏನು ಮಾಡುವುದು ಎಂದು ಮಾತಾಡಿಕೊಳ್ಳುವುದು ಒಳ್ಳೆಯದು.